ಪೌಡರ್ ತೂಕ ಒಂದೇ ಸಮ ಬರುತ್ತಿಲ್ಲವೇ?

ಟೆಕ್ಸಾಸ್‌ನ ಮನೆ ಗ್ಯಾರೇಜಿನಲ್ಲಿ 9 ಎಂಎಂ ಗುಂಡುಗಳನ್ನು ರೀಲೋಡ್ ಮಾಡೋಕೆ, ಅಂದರೆ ಹಾರಿಸಿದ ಗುಂಡಿನ ಖಾಲಿ ಕೇಸಿಗೆ (ಲೋಹದ ಕೊಳವೆಗೆ) ಮತ್ತೆ ಮದ್ದು, ಬುಲೆಟ್ ತುಂಬೋಕೆ, ಪ್ರೋಗ್ರೆಸಿವ್ ಪ್ರೆಸ್ (ಹಿಡಿಕೆ ಎಳೆದಂತೆಲ್ಲ ಹಲವು ಕೇಸುಗಳನ್ನು ಹಂತ ಹಂತವಾಗಿ ತುಂಬುವ ಯಂತ್ರ) ಜೋಡಿಸಿದ್ದೀರಿ, ಪೌಡರ್ (ಮದ್ದಿನ ಪುಡಿ) ತೂಕ ಮಾತ್ರ ಸಲಕ್ಕೊಂದು ಥರ ಬರುತ್ತಿದೆ ಅಂದಿರಿ. ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಬೆಂಚನ್ನು ಅಲ್ಲಾಡಿಸಿ ನೋಡಿ. ನನ್ನ ಬೆಂಚು ಹಿಡಿಕೆ ಎಳೆದಾಗಲೆಲ್ಲ ಅಲುಗುತ್ತಿತ್ತು. ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಮೇಲೆ ತೂಕ ಸರಿಹೋಯಿತು.

ಹೊಸದಾಗಿ ತುಂಬಿದ ಪೌಡರ್ ಸ್ವಲ್ಪ ಕೂರಬೇಕು. ಅದಕ್ಕೇ ಮೊದಲ ಹದಿನೈದು ಅಳತೆಯನ್ನು (ಹಿಡಿಕೆ ಒಮ್ಮೆ ಎಳೆದಾಗ ಬೀಳುವ ಪೌಡರ್ ಒಂದು ಅಳತೆ) ಪೌಡರ್ ಡಬ್ಬಿಗೆ ವಾಪಸ್ ಸುರಿದುಬಿಡಿ. ಆಮೇಲೆ 10 ಅಳತೆ ಒಟ್ಟಿಗೆ ತೂಗಿ, 10ರಿಂದ ಭಾಗಿಸಿ. ಹಿಡಿಕೆ ಪ್ರತಿ ಸಲ ಒಂದೇ ವೇಗದಲ್ಲಿ, ಪೂರ್ತಿ ಹೋಗಬೇಕು. ಅಳತೆಯನ್ನು ಲೋಡಿಂಗ್ ಪುಸ್ತಕದ (ಯಾವ ಗುಂಡಿಗೆ ಎಷ್ಟು ಪೌಡರ್ ಅಂತ ಹೇಳುವ ಕೈಪಿಡಿಯ) ಕನಿಷ್ಠ ಅಂಕಿಯಿಂದಲೇ ಶುರು ಮಾಡಿ.

ನನಗೆ ಜಾಸ್ತಿ ಭಯ ಇರುವುದು ಡಬಲ್ ಚಾರ್ಜ್ ಬಗ್ಗೆ, ಅಂದರೆ ಒಂದೇ ಕೇಸಿಗೆ ಎರಡು ಸಲ ಪೌಡರ್ ಬೀಳುವುದು. ಬೇಗ ಉರಿಯುವ ಪಿಸ್ತೂಲ್ ಪೌಡರ್ ಕೇಸಿನ ಅರ್ಧವನ್ನೂ ತುಂಬದೆ ಇರಬಹುದು. ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಬಂದೂಕೇ ಒಡೆಯಬಹುದು, ಅಲ್ವಾ? ಪ್ರೆಸ್ ಮೇಲೆ ಚಿಕ್ಕ ಎಲ್‌ಇಡಿ ದೀಪ ಹಾಕಿ, ಬುಲೆಟ್ ಇಡುವ ಮುಂಚೆ ಪ್ರತಿ ಕೇಸಿನೊಳಗೂ ಇಣುಕಿ ನೋಡಿ. ಹಿಡಿಕೆ ಮಧ್ಯದಲ್ಲಿ ಸಿಕ್ಕಿಕೊಂಡರೆ ಅಲ್ಲಿರುವ ಕೇಸುಗಳನ್ನೆಲ್ಲ ಹೊರಗೆ ತೆಗೆದುಬಿಡಿ. ಕಣ್ಣಿಗೆ ಸೇಫ್ಟಿ ಕನ್ನಡಕ ಇರಲಿ. ಮೊದಲ ದಿನ ಒಂದು ಸಲಕ್ಕೆ ಒಂದೇ ಕೇಸ್ ಸುತ್ತಿಸಿ.