ಇಪಿಒ ಇಂಜೆಕ್ಷನ್ ಕೊಡಿಸಿದರೆ ಹೆಚ್‌ಬಿಎಫ್ ಏರುತ್ತದಾ?

ಎಂಟು ವರ್ಷದ ಮಗನಿಗೆ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ), ಹೆಚ್‌ಬಿಎಫ್ (ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್, ಕಣ ಬಾಗುವುದನ್ನು ತಡೆಯುವಂಥದ್ದು) 6%, ಇಪಿಒ (ಎರಿಥ್ರೊಪೊಯೆಟಿನ್) ಇಂಜೆಕ್ಷನ್‌ನಿಂದ ಅದನ್ನು ಏರಿಸಬಹುದಾ ಎಂದು ಕೇಳಿದ್ದೀರಿ. ಸ್ವಲ್ಪ ಏರಬಹುದು. ಆದರೆ ನಾನಾದರೆ ಅಲ್ಲಿಂದ ಶುರು ಮಾಡುವುದಿಲ್ಲ.

ಇಪಿಒ ಮುಖ್ಯವಾಗಿ ಕಿಡ್ನಿಯಲ್ಲಿ ತಯಾರಾಗುವ ಹಾರ್ಮೋನು. ಗರ್ಭದಲ್ಲಿದ್ದಾಗ ಆ ಕೆಲಸ ಲಿವರ್‌ನದು. ಆಮ್ಲಜನಕ ಸಾಲದಾದಾಗ ಇದು ಹೆಚ್ಚಾಗಿ, ಮೂಳೆಯ ಮಜ್ಜೆಯಲ್ಲಿ ಸಾಯಬೇಕಿದ್ದ, ಕೆಂಪು ರಕ್ತಕಣವಾಗಲಿರುವ ಎಳೆಯ ಕಣಗಳನ್ನು ಉಳಿಸುತ್ತದೆ. ಉಳಿದವು ಸುಮಾರು ಒಂದು ವಾರದಲ್ಲಿ ರೆಟಿಕ್ಯುಲೊಸೈಟ್ (ಹೊಸ ಕೆಂಪು ರಕ್ತಕಣ) ಆಗಿ ರಕ್ತಕ್ಕೆ ಇಳಿಯುತ್ತವೆ. ಕೊನೆಯ ಹಂತಗಳಿಗೆ ಇಪಿಒ ಬೇಡ, ಕಬ್ಬಿಣ ಬೇಕು. ಡಯಾಲಿಸಿಸ್ ರೋಗಿಗಳಲ್ಲಿ ಇಂಜೆಕ್ಷನ್ ಕೊಟ್ಟೂ ಹಿಮೋಗ್ಲೋಬಿನ್ ಏರದಿದ್ದರೆ ಮೊದಲು ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬ ಕಬ್ಬಿಣದ ಟೆಸ್ಟ್‌ಗಳನ್ನು ನೋಡುವುದು ಅದಕ್ಕೇ.

ಹೆಚ್‌ಬಿಎಫ್ ಲೆಕ್ಕ ಬೇರೆ. ಹುಟ್ಟಿದ ಮೇಲೆ ಹೆಚ್‌ಬಿಎಫ್‌ಗೆ ಬೇಕಾದ ಗಾಮಾ ಜೀನನ್ನು ಅದುಮಿಡುವುದು ಬಿಸಿಎಲ್11ಎ ಎಂಬ ಪ್ರೋಟೀನು, ಆ ತಡೆಯನ್ನು ಇಪಿಒ ನೇರವಾಗಿ ತೆಗೆಯುವುದಿಲ್ಲ. ಮಜ್ಜೆಗೆ ಅವಸರ ಹುಟ್ಟಿಸುತ್ತದೆ, ಅಷ್ಟೇ. ಅವಸರದಲ್ಲಿ ಕೆಲವು ಕಣಗಳು ಗಾಮಾ ಇನ್ನೂ ಪೂರ್ತಿ ಆರದ ಹಂತದಿಂದಲೇ ಬಲಿತು ಹೊರಬೀಳುತ್ತವೆ ಎಂಬುದು ಒಪ್ಪಿತ ವಿವರಣೆ. ಬಬೂನ್ ಕೋತಿಗಳಲ್ಲಿ ದೊಡ್ಡ ಡೋಸ್‌ಗೆ ಹೆಚ್‌ಬಿಎಫ್ ಚೆನ್ನಾಗಿ ಏರಿತ್ತು, ಮನುಷ್ಯರಲ್ಲಿ ಫಲ ಅಷ್ಟು ನೆಚ್ಚುವಂಥದ್ದಲ್ಲ. ಅಪಾಯವೂ ಇದೆ: ಸಿಕಲ್ ಹಿಮೋಗ್ಲೋಬಿನ್ ಹೆಚ್ಚಿರುವಾಗಲೇ ಒಟ್ಟು ಹಿಮೋಗ್ಲೋಬಿನ್ ಏರಿದರೆ ರಕ್ತ ಮಂದವಾಗಿ ನೋವಿನ ಕ್ರೈಸಿಸ್ ಬರಬಹುದು.

ಇದರ ಬದಲು, ಹೆಚ್‌ಬಿಎಫ್ ಏರಿಸುವ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಬಗ್ಗೆ ರಕ್ತರೋಗ ತಜ್ಞರನ್ನು ಕೇಳಿ. ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 20 ಮಿಗ್ರಾಂನಿಂದ ಶುರು. 25 ಕೆಜಿ ಇದ್ದರೆ 500ರ ಒಂದು ಕ್ಯಾಪ್ಸೂಲ್. ಡೋಸ್ ಹೊಂದಿಸುವಷ್ಟು ದಿನ ತಿಂಗಳಿಗೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ). ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಅಥವಾ ಪ್ಲೇಟ್‌ಲೆಟ್ ತೀರಾ ಇಳಿದರೆ ಡಾಕ್ಟರ್ ಕೆಲ ದಿನ ನಿಲ್ಲಿಸಿ ಡೋಸ್ ತಗ್ಗಿಸುತ್ತಾರೆ. ಫಲ ಕಾಣಲು 3ರಿಂದ 6 ತಿಂಗಳು ಬೇಕು, ಎರಡನೇ ತಿಂಗಳಿಗೇ ಕೈಬಿಡಬೇಡಿ. ಸಿಬಿಸಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಏರುತ್ತಿದ್ದರೆ ಔಷಧಿ ಹೊಟ್ಟೆಗೆ ಹೋಗುತ್ತಿದೆ, ಕೆಲಸವೂ ಮಾಡುತ್ತಿದೆ ಎಂದು ತಿಳಿಯಬಹುದು.

ಇನ್ನೊಂದು, ಆ 6% ಬಂದ ಟೆಸ್ಟ್‌ಗೆ ಮೊದಲಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿದ್ದಿರಾ? ಹಾಗಿದ್ದರೆ ದಾನಿಯ ರಕ್ತ ಬೆರೆತು ಅಂಕಿ ತಗ್ಗಿರುತ್ತದೆ, ಅದನ್ನು ನೆಚ್ಚಬೇಡಿ.