ಮಾವನವರ ಬೀಡಿ, ಮೊಮ್ಮಗನ ಉಬ್ಬಸ

ಬೀಡಿ, ಸಿಗರೇಟು ಸೇದದವರ ಮೇಲೆ ಅದರ ಹೊಗೆ ಮಾಡುವ ಪರಿಣಾಮವನ್ನು ಕುರಿತು ಬಂದ ಮೂರು ಪತ್ರಗಳಿಗೆ ಈ ಸಂಚಿಕೆಯ ಆರೋಗ್ಯ ಪ್ರಶ್ನೋತ್ತರದಲ್ಲಿ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ನೇಕಾರರ ಕುಟುಂಬ. ಮಗ್ಗ ಪಡಸಾಲೆಯಲ್ಲಿಯೇ ಇದೆ. ಎಳೆ ಒಣಗಿ ಹರಿಯಬಾರದೆಂದು ಕಿಟಕಿಯನ್ನು ಹೆಚ್ಚಾಗಿ ಮುಚ್ಚಿಯೇ ಇಡುತ್ತೇವೆ. ಮಾವನವರು ಪಕ್ಕದ ಹೊರಸಿನ ಮೇಲೆ ಕುಳಿತು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ನಾಲ್ಕು ವರ್ಷದ ಮಗನಿಗೆ ಮೇಲಿಂದ ಮೇಲೆ ಕೆಮ್ಮು, ಉಬ್ಬಸ ಬರುತ್ತದೆ, ಕಿವಿಯೂ ಸೋರುತ್ತದೆ. ‘ನಾವೆಲ್ಲ ಒಲೆಯ ಹೊಗೆಯಲ್ಲೇ ಬೆಳೆದವರು, ನಮಗೇನಾಗಿದೆ?’ ಎನ್ನುತ್ತಾರೆ ಅತ್ತೆಯವರು. ಬೀಡಿ ಸಿಗರೇಟಿಗಿಂತ ಸಣ್ಣದು, ಅಷ್ಟು ತೊಂದರೆಯಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹಿರಿಯರಿಗೆ ನಾನು ಹೇಗೆ ಹೇಳಲಿ?
(ಗುಳೇದಗುಡ್ಡದ ಓದುಗರೊಬ್ಬರು)

ಉತ್ತರ: ತಾಯಿ, ನಿಮ್ಮ ಅನುಮಾನಕ್ಕೆ ಗಟ್ಟಿಯಾದ ಆಧಾರವಿದೆ. ಮಕ್ಕಳ ಉಬ್ಬಸಕ್ಕೆ ಬೇರೆ ಕಾರಣಗಳೂ ಇರುವುದರಿಂದ ಮಗನನ್ನು ಮಕ್ಕಳ ತಜ್ಞರಿಗೆ ತೋರಿಸಲೇಬೇಕು, ಕಿವಿಯನ್ನಂತೂ ತಡಮಾಡದೆ ತೋರಿಸಬೇಕು. ಆದರೆ ಮನೆಯೊಳಗೆ ತಂಬಾಕಿನ ಹೊಗೆಯಿದ್ದಾಗ ಮಕ್ಕಳಲ್ಲಿ ಆಸ್ತಮಾ ಕೆರಳುವುದು, ಶ್ವಾಸನಾಳದ ಸೋಂಕು ಮತ್ತು ನ್ಯುಮೋನಿಯಾ ಹೆಚ್ಚುವುದು, ಕಿವಿಯ ಒಳಭಾಗದಲ್ಲಿ ನೀರು ತುಂಬಿ ಸೋರುವುದು ಬಹಳ ವರ್ಷಗಳಿಂದ ವೈದ್ಯರಿಗೆ ತಿಳಿದ ಸಂಗತಿಗಳೇ. ಮಗು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ, ಅದರ ಶ್ವಾಸನಾಳಗಳು ಕಿರಿದಾಗಿರುತ್ತವೆ, ಪುಪ್ಪುಸಗಳು ಇನ್ನೂ ಬೆಳೆಯುತ್ತಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅಜ್ಜನ ಹೊರಸನ್ನು ಬಿಟ್ಟು ಬೇರೆ ಕಡೆಗೆ ಎದ್ದು ಹೋಗಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ.

ನಿಮ್ಮ ಯಜಮಾನರ ಮಾತಿಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ಸೇದುವವರು ಎಳೆದುಕೊಂಡು ಹೊರಬಿಡುವ ಹೊಗೆ ಒಂದು, ಎರಡು ದಮ್ಮುಗಳ ನಡುವೆ ಉರಿಯುವ ತುದಿಯಿಂದ ತಾನೇ ಏಳುವ ಹೊಗೆ ಇನ್ನೊಂದು. ಸಿಗರೇಟು ಸೇದುವ ಕೋಣೆಯ ಗಾಳಿಗೆ ಸೇರುವ ಹೊಗೆಯಲ್ಲಿ ಬಹುಪಾಲು ಈ ಎರಡನೆಯ ಬಗೆಯದು. ದಮ್ಮು ಎಳೆಯುವಾಗ ತುದಿಯ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಎಳೆಯದೆ ಇರುವಾಗ ಅದು ಇಳಿದು ತಂಬಾಕು ಅರೆಬರೆಯಾಗಿ ಸುಡುವುದರಿಂದ, ಅಮೋನಿಯಾ, ಕಾರ್ಬನ್ ಮಾನಾಕ್ಸೈಡ್ ಹಾಗೂ ಕ್ಯಾನ್ಸರ್ ತರುವ ಹಲವು ವಸ್ತುಗಳು ತೂಕಕ್ಕೆ ತೂಕ ಈ ಹೊಗೆಯಲ್ಲಿಯೇ ಹೆಚ್ಚು. ಸಿಗರೇಟಿನ ಫಿಲ್ಟರ್ ಕೂಡ ಇದನ್ನು ತಡೆಯುವುದಿಲ್ಲ, ಏಕೆಂದರೆ ಫಿಲ್ಟರ್ ಇರುವುದು ಸೇದುವವರ ಬಾಯಿಯ ಕಡೆಗೆ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಸುತ್ತಿದ ಎಲೆಯಲ್ಲಿ ಗಾಳಿ ಆಡುವುದಿಲ್ಲವಾದ್ದರಿಂದ ಅದು ಆರದಂತೆ ಮೇಲಿಂದ ಮೇಲೆ ಎಳೆಯಬೇಕಾಗುತ್ತದೆ, ನಿಕೋಟಿನ್ ಮತ್ತು ಟಾರ್ ಸಿಗರೇಟಿಗಿಂತ ಕಡಿಮೆಯೇನೂ ಬರುವುದಿಲ್ಲ, ತಂಬಾಕಿನ ಜೊತೆಗೆ ಎಲೆಯೂ ಸುಡುತ್ತದೆ. ನಿಪ್ಪಾಣಿಯ ತಂಬಾಕು ಹೆಸರಾಗಿರುವ ನಮ್ಮ ಸೀಮೆಯಲ್ಲಿ ಬೀಡಿ ಮನೆಯ ವಸ್ತುವಿನಂತೆ ಬೆರೆತುಹೋಗಿದೆ. ಅದನ್ನು ಹಗುರವಾಗಿ ಕಾಣಲು ಈ ಒಡನಾಟವೂ ಕಾರಣವೆಂದು ನನಗೆ ಅನಿಸುತ್ತದೆ.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳೆಂದು ಗುರುತಿಸಲಾಗಿದೆ. ಬೇರೆಯವರ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಮೊದಮೊದಲು ಸಿಕ್ಕ ದೊಡ್ಡ ಪುರಾವೆಗಳಲ್ಲಿ ಒಂದು ಜಪಾನಿನದು. ತಕೇಶಿ ಹಿರಾಯಾಮಾ ಎಂಬ ವಿಜ್ಞಾನಿ ತಾವು ಸೇದದ 91,540 ವಿವಾಹಿತ ಮಹಿಳೆಯರನ್ನು 14 ವರ್ಷ ಗಮನಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು ಕಂಡುಬಂದಿತು. ಅಂದು ಅದನ್ನು ಒಪ್ಪದವರು ಅನೇಕರಿದ್ದರು. ಬೇರೆ ದೇಶಗಳ ಅಧ್ಯಯನಗಳೂ ಮುಂದೆ ಅದೇ ದಿಕ್ಕನ್ನು ತೋರಿಸಿದವು. ಸೇದದಿದ್ದರೂ ಇಂಥ ಹೊಗೆಯಲ್ಲಿ ಬಾಳುವವರಿಗೆ ಈ ಕ್ಯಾನ್ಸರಿನ ಅಪಾಯ ಶೇ 20ರಿಂದ 30ರಷ್ಟು, ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 25ರಿಂದ 30ರಷ್ಟು ಹೆಚ್ಚುತ್ತದೆ. ಮಗನ ಉಬ್ಬಸ ಕಿವಿಗೆ ಕೇಳಿಸುತ್ತದೆ; ಅದೇ ಪಡಸಾಲೆಯಲ್ಲಿ ಮಗ್ಗದ ಮುಂದೆ ಇಡೀ ದಿನ ಕುಳಿತಿರುವ ನಿಮ್ಮ, ನಿಮ್ಮ ಯಜಮಾನರ ಮತ್ತು ಅತ್ತೆಯವರ ರಕ್ತನಾಳಗಳಿಗೆ ಆಗುವುದು ಕೇಳಿಸುವುದಿಲ್ಲ. ನಾನು ಹೆಚ್ಚು ಚಿಂತೆಯಿಂದ ನೋಡುವುದು ಇದನ್ನೇ.

ಒಲೆಯ ಹೊಗೆಯ ಮಾತಿಗೆ ಬರೋಣ. ಒಲೆಯ ಹೊಗೆಯೂ ಪುಪ್ಪುಸವನ್ನು ಕೆಡಿಸುತ್ತದೆ; ವರ್ಷಾನುಗಟ್ಟಲೆ ಕಟ್ಟಿಗೆಯ ಒಲೆಯ ಮುಂದೆ ಕುಳಿತ ಹೆಂಗಸರಲ್ಲಿ, ಒಮ್ಮೆಯೂ ಬೀಡಿ ಮುಟ್ಟದಿದ್ದರೂ, ತೀರದ ಕೆಮ್ಮು ಮತ್ತು ದಮ್ಮು ಕಾಣಿಸಿಕೊಳ್ಳುತ್ತವೆ. ಒಂದು ಹೊಗೆ ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ, ಎರಡೂ ಕೂಡಿಕೊಳ್ಳುತ್ತವೆ.

ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಸಾಕೇ ಎಂದು ಮುಂದೆ ನೀವು ಕೇಳಬಹುದು. ಸಾಲದು. ಹೊಗೆ ತೆಳುವಾಗುತ್ತದೆ, ಹೋಗುವುದಿಲ್ಲ. ಇಷ್ಟು ಹೊಗೆಯಾದರೆ ಅಪಾಯವಿಲ್ಲ ಎನ್ನುವ ಮಿತಿಯೇ ಇದಕ್ಕಿಲ್ಲ. ಆದ್ದರಿಂದ ಬೀಡಿ ಮನೆಯ ಹೊರಗೆ ಹೋಗಬೇಕು, ಮಾವನವರು ಹೋಗಬೇಕಾಗಿಲ್ಲ. ಇದನ್ನು ನೀವೊಬ್ಬರೇ ಹೇಳುವ ಬದಲು ಯಜಮಾನರ ಬಾಯಿಂದ ಹೇಳಿಸಿರಿ. ಅದಕ್ಕಿಂತ ಒಳ್ಳೆಯದೆಂದರೆ, ಮಗನನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಮೊಮ್ಮಗನ ಎದೆಗೆ ಸ್ಟೆತೊಸ್ಕೋಪ್ ಇಟ್ಟ ಡಾಕ್ಟರ್ ಹೇಳುವ ಮಾತು ಅಜ್ಜನಿಗೆ ಸೊಸೆಯ ದೂರಿನಂತೆ ಕೇಳಿಸುವುದಿಲ್ಲ. ಬಾಗಿಲಿನಿಂದ ದೂರದಲ್ಲಿ, ಗಿಡದ ನೆರಳಿನಲ್ಲಿ ಅವರಿಗೊಂದು ಹೊರಸು, ಕುಡಿಯಲು ಒಂದು ತಂಬಿಗೆ ನೀರು ಇಟ್ಟುಕೊಡಿರಿ. ಬಾಗಿಲ ಪಕ್ಕದ ಕಟ್ಟೆ ಬೇಡ, ಹೊಗೆ ಅಲ್ಲಿಂದ ಮರಳಿ ಒಳಗೆ ಬರುತ್ತದೆ. ವಯಸ್ಸಾದ ಮೇಲೆ ಬಿಟ್ಟರೂ ದೇಹಕ್ಕೆ ಲಾಭವಿದೆಯೆಂಬುದನ್ನೂ ಅವರಿಗೆ ತಿಳಿಸಿರಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಕೆಲಸಕ್ಕಾಗಿ ದಿನವೂ ಬೈಲಹೊಂಗಲದಿಂದ ಬೆಳಗಾವಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ನಿಲ್ದಾಣದಲ್ಲಿ ಪಕ್ಕದಲ್ಲಿಯೇ ನಿಂತು ಸೇದುವವರಿರುತ್ತಾರೆ. ಸ್ವಲ್ಪ ಹೊತ್ತಿನ ಹೊಗೆಯಿಂದ ಮಗುವಿಗೆ ತೊಂದರೆಯಾಗುವುದೇ?
(ಬೈಲಹೊಂಗಲದ ಓದುಗರೊಬ್ಬರು)

ಉತ್ತರ: ಒಂದೆರಡು ದಿನದ ಹೊಗೆಗೆ ನೀವು ಹೆದರಿ ನಿದ್ದೆಗೆಡಬೇಕಾಗಿಲ್ಲ, ದಿನವೂ ಅದರಲ್ಲಿ ನಿಲ್ಲುವುದನ್ನು ಮಾತ್ರ ತಪ್ಪಿಸಿರಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ, ನಿಕೋಟಿನ್ ಮಾಸಿನ ಮೂಲಕ ಮಗುವನ್ನು ತಲುಪುತ್ತದೆ. ತಾವು ಸೇದದೆ ಹೊಗೆಯಲ್ಲಿ ಇರುವ ಗರ್ಭಿಣಿಯರ ಮಕ್ಕಳ ಹುಟ್ಟುತೂಕ ತುಸು ಕಡಿಮೆಯಾಗುತ್ತದೆ. ಬಸ್ಸು, ಬಸ್ ನಿಲ್ದಾಣ, ಕಚೇರಿ, ಹೋಟೆಲು ಇವೆಲ್ಲ ಕಾನೂನಿನ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳಗಳು. 2003ರ ಕಾಯ್ದೆಯ ಪ್ರಕಾರ ಅಲ್ಲಿ ಸೇದುವುದು ನಿಷಿದ್ಧ. ದಂಡ ಮೊದಲು 200 ರೂಪಾಯಿಯವರೆಗೆ ಇತ್ತು, ನಮ್ಮ ರಾಜ್ಯದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ 1,000 ರೂಪಾಯಿಯವರೆಗೆ ಏರಿದೆ. ನೀವು ಯಾರೊಡನೆಯೂ ಜಗಳಕ್ಕೆ ನಿಲ್ಲಬೇಡಿರಿ, ನಿಲ್ದಾಣದ ಅಧಿಕಾರಿಗೆ ತಿಳಿಸಿ ದೂರ ಸರಿಯಿರಿ.

ಪ್ರಶ್ನೆ: ನಾನು ದಿನಕ್ಕೆ ಎಂಟು ಸಿಗರೇಟು ಸೇದುತ್ತೇನೆ. ಮನೆಯಲ್ಲಿ ಎರಡು ತಿಂಗಳ ಮಗಳಿರುವುದರಿಂದ ಮಾಳಿಗೆಯ ಮೇಲೆ ಹೋಗಿ ಸೇದಿ ಬರುತ್ತೇನೆ. ಆದರೂ ಮಗುವನ್ನು ಎತ್ತಿಕೊಳ್ಳಲು ಹೆಂಡತಿ ಬಿಡುವುದಿಲ್ಲ. ಇದು ಅತಿಯಾಗಲಿಲ್ಲವೇ?
(ವಿಜಯಪುರದ ಓದುಗರೊಬ್ಬರು)

ಉತ್ತರ: ಮಾಳಿಗೆ ಹತ್ತುವಷ್ಟು ಕಾಳಜಿ ತೋರಿಸಿದ್ದೀರಿ, ಅದನ್ನು ಮೆಚ್ಚುತ್ತೇನೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಶೇ 38.7ರಷ್ಟು ವಯಸ್ಕರು ತಮ್ಮ ಮನೆಯಲ್ಲಿಯೇ ಬೇರೆಯವರ ಹೊಗೆಗೆ ಸಿಲುಕುತ್ತಿರುವುದು ಕಂಡುಬಂದಿತ್ತು. ಆ ಮನೆಗಳಲ್ಲಿ ಸೇದುವವರು ಇಷ್ಟನ್ನಾದರೂ ಮಾಡಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಆದರೂ ನಿಮ್ಮ ಹೆಂಡತಿಯ ಎಚ್ಚರಿಕೆ ಅತಿಯಲ್ಲ. ಕೊನೆಯ ದಮ್ಮಿನ ನಂತರವೂ ಕೆಲವು ನಿಮಿಷ ನಿಮ್ಮ ಉಸಿರಿನಲ್ಲಿ ಹೊಗೆಯ ಅಂಶ ಬರುತ್ತಿರುತ್ತದೆ. ಅಂಗಿ, ಕೂದಲು, ಬೆರಳುಗಳಿಗೆ ನಿಕೋಟಿನ್ ಅಂಟಿಕೊಂಡಿರುತ್ತದೆ. ಮಗು ಆ ಅಂಗಿಗೆ ಮುಖ ಒತ್ತಿ ಮಲಗುತ್ತದೆ, ಆ ಬೆರಳನ್ನೇ ಚೀಪುತ್ತದೆ. ಹೊಗೆಯ ವಾತಾವರಣದಲ್ಲಿರುವ ಎಳೆಯ ಕೂಸುಗಳಲ್ಲಿ ನಿದ್ದೆಯಲ್ಲಿಯೇ ಹಠಾತ್ತನೆ ಸಾವು ಸಂಭವಿಸುವ ಅಪಾಯ ಹೆಚ್ಚೆಂಬುದು ತಾಯಿಯಾದವರು ಮರೆಯಲಾಗದ ಸಂಗತಿ. ಸೇದಿದ ಮೇಲೆ ಸ್ವಲ್ಪ ಹೊತ್ತು ಹೊರಗೇ ಇದ್ದು, ಅಂಗಿ ಬದಲಿಸಿ, ಕೈ ಮತ್ತು ಮುಖವನ್ನು ಸಾಬೂನಿನಿಂದ ತೊಳೆದು ಮಗುವನ್ನು ಎತ್ತಿಕೊಳ್ಳಿರಿ. ಮಗುವಿನೊಡನೆ ಒಂದೇ ಹಾಸಿಗೆಯಲ್ಲಿ ಮಲಗಬೇಡಿರಿ.

ಇದನ್ನು ದಿನಕ್ಕೆ ಎಂಟು ಬಾರಿ ಮಾಡುವುದು ಕಷ್ಟವೆಂದು ನಾನು ಬಲ್ಲೆ. 1800-11-2356 ತಂಬಾಕು ಬಿಡುವವರಿಗಾಗಿ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ. ಅಲ್ಲಿಯ ಆಪ್ತಸಮಾಲೋಚಕರು ಬಿಡುವ ದಿನವನ್ನು ನಿಮ್ಮೊಡನೆ ಗೊತ್ತುಮಾಡಿ, ಆಮೇಲೆಯೂ ಕರೆ ಮಾಡಿ ವಿಚಾರಿಸುತ್ತಾರೆ. ಮೊದಲ ಎರಡು ಮೂರು ವಾರಗಳ ಚಡಪಡಿಕೆಗೆ ನಿಕೋಟಿನ್ ಗಮ್ ಬೇಕೇ ಎಂಬುದನ್ನು ನಿಮ್ಮ ವೈದ್ಯರನ್ನು ಕೇಳಿರಿ. ಕರೆ ಮಾಡುವಾಗ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ.