ಸಿಡಿಲಿಗೆ ಹೋದ ಕ್ಯಾಮೆರಾ

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ದೂರು ಕೊಡಲು ಒಂದು ಪೊಲೀಸ್ ಠಾಣೆಗೆ ಹೋಗಿದ್ದೆ. ಎರಡು ಗಂಟೆ ಕಾಯಿಸಿದರು, ಮಾತೂ ಸರಿ ಇರಲಿಲ್ಲ. ಅಲ್ಲಿನ ಸಿಸಿಟಿವಿ ರೆಕಾರ್ಡಿಂಗ್ ಕೇಳಿದರೆ ‘ಸಿಡಿಲಿಗೆ ಹೋಗಿದೆ’ ಅಂದರು. ಪೊಲೀಸರಿಗೆ ಹೊಸ ಹೊಸ ಟೆಕ್ನಾಲಜಿ ಬರುತ್ತಲೇ ಇದೆ. ಅದು ನಡೆಯುತ್ತಿದೆಯಾ ಅಂತ ನೋಡುವವರು ಯಾರು?
– ಓದುಗ, ಸುರತ್ಕಲ್

ಉತ್ತರ: ನೋಡುವವರು ಇದ್ದಾರೆ ಮಾರಾಯ್ರೆ, ಕಾಗದದಲ್ಲಿ. ಸಿಡಿಲಿನ ಮಾತು ನಿಜವೂ ಇರಬಹುದು, ನಮ್ಮ ಕರಾವಳಿಯಲ್ಲಿ ಫ್ರಿಜ್ಜು ಟಿವಿ ಹೋಗುವುದೇನು ಹೊಸತಾ? ಆದರೆ ಆಮೇಲೆ ಏನು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಗೇಟು, ಲಾಕಪ್, ಕಾರಿಡಾರ್, ರಿಸೆಪ್ಷನ್ ಎಲ್ಲ ಕಡೆ ಕ್ಯಾಮೆರಾ ಬೇಕು. ಮಾತೂ ರೆಕಾರ್ಡ್ ಆಗಬೇಕು. 18 ತಿಂಗಳು ಇಡಬೇಕು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ. ಕೆಟ್ಟರೆ ಠಾಣಾಧಿಕಾರಿ ತಕ್ಷಣ ಜಿಲ್ಲಾ ಮೇಲುಸ್ತುವಾರಿ ಸಮಿತಿಗೆ ತಿಳಿಸಬೇಕು, ಕೆಟ್ಟಿದ್ದ ದಿನಗಳಲ್ಲಿ ಯಾರನ್ನು ಬಂಧಿಸಿದರು, ಯಾರನ್ನು ವಿಚಾರಿಸಿದರು ಅನ್ನುವ ಲೆಕ್ಕವನ್ನೂ ಕೊಡಬೇಕು. ಆ ಸಮಿತಿಯಲ್ಲಿ ಡಿಸಿ, ಎಸ್‌ಪಿ ಇರಬೇಕು, ಜೊತೆಗೆ ಮೇಯರ್ ಅಥವಾ ಜಿಲ್ಲಾ ಪಂಚಾಯತ್ ಅಧ್ಯಕ್ಷರಂಥ ಜನಪ್ರತಿನಿಧಿಯೂ.

ನನಗೆ ಕಾಣುವ ತೊಂದರೆ ಬೇರೆ. ಖರೀದಿ ಮಾಡುವಾಗ ಟೆಂಡರ್ ಕಮಿಟಿ, ಫೈಲು, ಆಡಿಟ್ಟು, ಉದ್ಘಾಟನೆಯ ಫೋಟೊ ಎಲ್ಲ ಇರುತ್ತದೆ. ಎರಡು ಮಳೆ ಕಳೆದು ಉಪ್ಪುಗಾಳಿಗೆ ತುಕ್ಕು ಹಿಡಿದಾಗ ನಿರ್ವಹಣೆಯ ದುಡ್ಡು ಎಲ್ಲಿ ಅಂತ ಕೇಳುವವರೇ ಇಲ್ಲ. ದೊಡ್ಡ ಯೋಜನೆಗಳ ಕತೆಯೂ ಏನು ಕಡಿಮೆ ಇಲ್ಲ: ದೇಶದ ಠಾಣೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಸಿಸಿಟಿಎನ್‌ಎಸ್‌ಗೆ 2009ರಲ್ಲಿ 2000 ಕೋಟಿ ಮಂಜೂರಾಯಿತು, 2012ಕ್ಕೆ ಮುಗಿಯಬೇಕಿದ್ದದ್ದು 2015ಕ್ಕೆ ಹೋಯಿತು, ಅಲ್ಲಿಂದ 2017ಕ್ಕೆ.

ನೀವು ಸುಮ್ನೆ ಠಾಣೆಗೆ ಅಲೆಯಬೇಡಿ. ಡಿಸಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಹಾಗಾಗಿ ನಡೆದದ್ದೆಲ್ಲ ಬರೆಯಲು ಹೋಗಬೇಡಿ. ಸಮಿತಿ ಎಷ್ಟು ಸಲ ಸೇರಿತು, ನಡಾವಳಿಯ ಪ್ರತಿ ಕೊಡಿ, ಆ ಠಾಣೆಯ ಕ್ಯಾಮೆರಾ ಕೆಟ್ಟಿದೆ ಅಂತ ಯಾವ ತಾರೀಕಿಗೆ ವರದಿ ಬಂತು, ಇಷ್ಟೇ ಸಾಕು. ರೆಕಾರ್ಡಿಂಗನ್ನೇ ಕೇಳಿದರೆ ತನಿಖೆಗೆ ಅಡ್ಡಿ ಅನ್ನಬಹುದು. ಮೀಟಿಂಗಿನ ನಡಾವಳಿಗೆ ಹಾಗೆ ಹೇಳುವುದು ಕಷ್ಟ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.